ಮೂಲಧನ ಮತ್ತು ಮನುಷ್ಯರು: ಕರ್ನಾಟಕದ ಸ್ವಯಂಸೇವಾ ಸಂಸ್ಥೆಗಳು



ದತ್ತಿ ಉಪನ್ಯಾಸದ ಏರ್ಪಾಡು ಬಹಳ ಸರಳವಾದದ್ದು. ತಂದೆಯ ಹೆಸರಿನಲ್ಲೋ ಗುರುಗಳ ಹೆಸರಿನಲ್ಲೋ ಯಾರೋ ಒಬ್ಬರು ಒಂದಿಷ್ಟು ಹಣ ಇಡುತ್ತಾರೆ. ಅಸಲು ಬ್ಯಾಂಕಿನಲ್ಲಿ ಉಳಿಯುತ್ತದೆ, ಅದರ ಬಡ್ಡಿಯಿಂದ ವರ್ಷಕ್ಕೊಂದು ಸಭೆ ನಡೆಯುತ್ತದೆ. ಯಾರನ್ನು ಕರೆಯಬೇಕು, ಅವರು ಯಾವ ವಿಷಯ ಮಾತಾಡಬೇಕು ಎಂಬುದು ಸಂಸ್ಥೆಗೆ ಬಿಟ್ಟದ್ದು. ಹಣ ಕೊಟ್ಟವರು ತೀರಿಕೊಂಡ ಮೇಲೂ ಕೆಲಸ ನಿಲ್ಲುವುದಿಲ್ಲ. ಕರ್ನಾಟಕದ ಸ್ವಯಂಸೇವಾ ಸಂಸ್ಥೆಗಳ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಿರಿ. ನಾನು ಹೇಳಬೇಕೆಂದಿರುವ ಮಾತು ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಮಾಜಸೇವೆಗೆಂದು ನಮ್ಮ ರಾಜ್ಯದಲ್ಲಿ ಹಿಂದೆಂದೂ ಇಲ್ಲದಷ್ಟು ಹಣ ಇವತ್ತು ಓಡಾಡುತ್ತಿದೆ. ಆದರೆ ಒಬ್ಬ ಕಾರ್ಯಕರ್ತೆಯನ್ನು ಒಂದೇ ಹೋಬಳಿಯಲ್ಲಿ ಹತ್ತು ವರ್ಷ ಉಳಿಸಿಕೊಳ್ಳಬಲ್ಲ ಹಣ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಅಂಥ ಹಣವನ್ನು ಒದಗಿಸುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಅದನ್ನು ಸಾಹಿತ್ಯದ ಸಭೆಗಳಿಗೆ ಬಳಸುತ್ತಿದ್ದೇವೆ, ಸಮಾಜದ ಕೆಲಸಕ್ಕೆ ಬಳಸುವುದನ್ನು ಬಿಟ್ಟಿದ್ದೇವೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋದವರು ಸಾಮಾನ್ಯವಾಗಿ ಕೇದಾರೇಶ್ವರ ದೇವಾಲಯದ ಕೆತ್ತನೆ ನೋಡಿ ಬರುತ್ತಾರೆ. ಅಲ್ಲಿನ ಶಾಸನಗಳನ್ನೂ ಓದಿ ಬರಬೇಕು. ಆ ದೇವಾಲಯಕ್ಕೆ ಸೇರಿದ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದು ವಿವರವಾಗಿ ಹೇಳುತ್ತದೆ. ಮಠದಲ್ಲಿ ವೇದ, ವ್ಯಾಕರಣ, ಪುರಾಣ, ಯೋಗಶಾಸ್ತ್ರಗಳ ಪಾಠ ನಡೆಯುತ್ತಿತ್ತು. ದೀನರು, ಅನಾಥರು, ಕಣ್ಣಿಲ್ಲದವರು, ಕಾಲಿಲ್ಲದವರು, ಕಿವಿ ಕೇಳದವರು ಬಂದರೆ ಅನ್ನ ಸಿಗುತ್ತಿತ್ತು. ಕಾಯಿಲೆಯವರಿಗೆ ಔಷಧ ಸಿಗುತ್ತಿತ್ತು, ಹೆದರಿ ಬಂದವರಿಗೆ ಆಸರೆ ಸಿಗುತ್ತಿತ್ತು. ಇಂಥ ದತ್ತಿ ಶಾಸನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೊನೆಯ ಭಾಗ. ಯಾವ ಊರಿನ ಯಾವ ಭೂಮಿ, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ, ಉತ್ಪನ್ನದ ಯಾವ ಪಾಲು ಯಾವ ಕೆಲಸಕ್ಕೆ ಎಂದು ಅಲ್ಲಿ ಬರೆದಿರುತ್ತದೆ. ಧರ್ಮದ ಕೆಲಸ ನಡೆಯಬೇಕಾದರೆ ಅದಕ್ಕೆ ಆದಾಯದ ಮೂಲ ಬೇಕು, ಆ ಮೂಲವನ್ನು ಯಾರೂ ಕರಗಿಸಬಾರದು ಎಂಬ ತಿಳಿವಳಿಕೆ ಆ ಕಾಲದವರಿಗೆ ಚೆನ್ನಾಗಿಯೇ ಇತ್ತು.

ಈ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಮ್ಮ ಸಮಾಜದಲ್ಲಿ ಜೀವಂತವಾಗಿತ್ತು. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದ ಎಷ್ಟೋ ಜನ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ ತಂಗಿದ್ದಾರೆ. ತೋಟದಪ್ಪನವರು ವ್ಯಾಪಾರಿ. ಊರು ಬಿಟ್ಟು ಬಂದವರಿಗೆ ತಂಗಲು ಜಾಗ, ಓದುವ ಹುಡುಗರಿಗೆ ವಿದ್ಯಾರ್ಥಿನಿಲಯ ಎಂದು ತಮ್ಮ ಗಳಿಕೆಯನ್ನು ಧರ್ಮಸಂಸ್ಥೆಗೆ ಬರೆದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆ ಛತ್ರವನ್ನು ಉದ್ಘಾಟಿಸಿದರು. ಅತ್ತ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. ಹತ್ತು ವರ್ಷಗಳ ನಂತರ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಆ ಏಳು ಜನರನ್ನು ಉತ್ತರ ಕರ್ನಾಟಕ ಇವತ್ತಿಗೂ ಸಪ್ತರ್ಷಿಗಳೆಂದು ಕರೆಯುತ್ತದೆ. ಅವರು 1933ರಲ್ಲಿ ಆರಂಭಿಸಿದ ಕಾಲೇಜಿಗೆ ಲಿಂಗರಾಜರ ಹೆಸರನ್ನಿಟ್ಟರು. ಮೈಸೂರು ಸೀಮೆಯಲ್ಲಿ 1906ರ ಹೊತ್ತಿಗೆ ಒಕ್ಕಲಿಗರ ಸಂಘ ಹುಟ್ಟಿತ್ತು, ಧಾರವಾಡದಲ್ಲಿ 1890ರಿಂದಲೇ ಕರ್ನಾಟಕ ವಿದ್ಯಾವರ್ಧಕ ಸಂಘವಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಓದಿ ಮುಂದೆ ಬಂದವರ ಬದುಕನ್ನು ಕೆದಕಿ ನೋಡಿದರೆ ಎಲ್ಲೋ ಒಂದು ಕಡೆ ಒಂದು ಉಚಿತ ಹಾಸ್ಟೆಲ್, ಒಂದು ವಾರಾನ್ನದ ಮನೆ, ಒಂದು ನಿಧಿಯ ನೆರವು ಸಿಕ್ಕೇ ಸಿಗುತ್ತದೆ.

ಇದನ್ನು ಹೇಳಿ ಮುಂದೆ ಹೋಗಿಬಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ದತ್ತಿಗಳಲ್ಲಿ ಹೆಚ್ಚಿನವು ಜಾತಿಯ ಎಲ್ಲೆಯೊಳಗೇ ಹರಿದವು. ಭೂಮಿ ಇದ್ದವರು, ವ್ಯಾಪಾರ ಇದ್ದವರು ತಮ್ಮವರಿಗೆ ಕೊಟ್ಟರು. ಕೊಡುವವರೇ ಇಲ್ಲದ ಸಮುದಾಯಗಳಿಗೆ ಏನೂ ಸಿಗಲಿಲ್ಲ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅದನ್ನು ನಡೆಸಲು ಅವರು ಪಟ್ಟ ಪಾಡು ದೊಡ್ಡದು. ಸ್ವಂತ ಜಾತಿಯವರು ದೂರವಿಟ್ಟರು, ಪಾಠ ಹೇಳುವವರು ಸಿಗುವುದೇ ಕಷ್ಟವಾಯಿತು. ಅವರು ಬಿಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು, ಶಾಲೆಯ ಜೊತೆಗೆ ಮಗ್ಗ ಹಾಕಿಸಿದರು, ಮನೆ ಕಟ್ಟಿಕೊಳ್ಳಲು ನೆಲ ಕೊಡಿಸಿದರು. ಗಾಂಧೀಜಿ 1934ರಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರು ತೀರಿಕೊಂಡು ಆರು ವರ್ಷ ಕಳೆದಿತ್ತು, ಕೆಲಸ ನಡೆಯುತ್ತಲೇ ಇತ್ತು. ಕನ್ನಡ ನಾಡಿನ ಸ್ವಯಂಸೇವೆಯ ಚರಿತ್ರೆ ಬರೆಯುವವರು ಇವರ ಹೆಸರಿನಿಂದ ಶುರು ಮಾಡಬೇಕೆಂದು ನನ್ನ ಅಭಿಪ್ರಾಯ.

ಏಕೀಕರಣದ ನಂತರ ಕಾನೂನಿನ ಚೌಕಟ್ಟು ಬಂತು. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ. ಯುವಕ ಸಂಘ, ಮಹಿಳಾ ಮಂಡಳ, ನಾಟಕ ಸಂಘ, ಶಾಲೆ ನಡೆಸುವ ಸಮಿತಿ ಎಲ್ಲವೂ ಇದರ ಕೆಳಗೇ ಬರುತ್ತವೆ. ಇವುಗಳಲ್ಲಿ ಎಷ್ಟೋ ಸಂಘಗಳು ಹೆಸರಿಗೆ ಮಾತ್ರ ಇವೆ. ಅವುಗಳ ಚರ್ಚೆ ಇಲ್ಲಿ ಬೇಡ.

ನಾವು ಇಂದು ‘ಎನ್‌ಜಿಒ’ ಎಂದು ಕರೆಯುವ ಬಗೆಯ ಸಂಸ್ಥೆಗಳು ಗಟ್ಟಿಯಾಗಿ ಬೇರೂರಿದ್ದು 1968ರಿಂದ 1990ರ ನಡುವಿನ ಎರಡು ದಶಕಗಳಲ್ಲಿ. ನನ್ನ ತಲೆಮಾರಿನವರು ಕಣ್ಣಾರೆ ಕಂಡ ಕಾಲ ಅದು. 1981ರಲ್ಲಿ ಡಾಕ್ಟರ್ ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ನೆಲೆ ನಿಂತು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. 1982ರಲ್ಲಿ ಬೆಳ್ತಂಗಡಿಯಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಶುರುವಾಯಿತು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಓದು ಮುಗಿಸಿ ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಹೋದರು. ಕಬಿನಿ ಅಣೆಕಟ್ಟಿಗೂ ಅಭಯಾರಣ್ಯಕ್ಕೂ ನೆಲೆ ಕಳೆದುಕೊಂಡ ಜೇನು ಕುರುಬರು, ಕಾಡು ಕುರುಬರು, ಯರವರು ಅಲ್ಲಿದ್ದರು. ಈ ವೈದ್ಯರು ಒಂದು ದಿನದ ಶಿಬಿರ ಮಾಡಿ ವಾಪಸಾಗಲಿಲ್ಲ ಎಂಬುದೇ ಅವರ ಕೆಲಸದ ಸಾರ. ಬಿಳಿಗಿರಿ ಬೆಟ್ಟದಲ್ಲಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಸೋಲಿಗರ ಸಂಘ, ಅವರ ಜೊತೆ ಅಲ್ಲಿಯೇ ಮೂವತ್ತು ವರ್ಷ ಇದ್ದವರು, ಕಾಡಿನ ಅಧ್ಯಯನ ಮಾಡುವವರು ಎಲ್ಲರೂ ಕೂಡಿ ದುಡಿದದ್ದರ ಫಲ ಅದು. ಅರ್ಜಿ ತುಂಬಿದ ವರ್ಷವನ್ನಷ್ಟೇ ನೋಡಿದರೆ ಅದರ ಬೆನ್ನ ಹಿಂದಿನ ಮೂವತ್ತು ವರ್ಷ ಕಾಣುವುದಿಲ್ಲ.

ಮೈರಾಡದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1968ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಹುಟ್ಟಿದ ಸಂಸ್ಥೆ ಅದು. ಆಮೇಲೆ ಬಡ ರೈತರ ಕಡೆ ತಿರುಗಿ ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. ಎಂಬತ್ತರ ದಶಕದ ನಡುವೆ ಆ ಸಂಘಗಳು ಒಡೆದವು. ಪದಾಧಿಕಾರಿಗಳ ಮೇಲೆ ನಂಬಿಕೆ ಹೋಯಿತು. ಆಗ ಕೆಲವು ಸದಸ್ಯರು ಮೈರಾಡದ ಕಚೇರಿಗೆ ಬಂದು, ಸಾಲ ತೀರಿಸುತ್ತೇವೆ, ಆದರೆ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ ಎಂದರಂತೆ. ನಮಗೆ ಬೇಡ, ನಿಮ್ಮನಿಮ್ಮಲ್ಲೇ ಇಟ್ಟುಕೊಳ್ಳಿ, ಯಾರು ಯಾರನ್ನು ನಂಬುತ್ತೀರೋ ಅವರೊಡನೆ ಸೇರಿ ಎಂದು ಸಂಸ್ಥೆ ಹೇಳಿತು. ಹದಿನೈದು ಇಪ್ಪತ್ತು ಜನರ ಸಣ್ಣ ಗುಂಪುಗಳು ಹಾಗೆ ಮೂಡಿದವು. ವಾರಕ್ಕೊಮ್ಮೆ ಕೂತು, ಉಳಿತಾಯ ಕಟ್ಟಿ, ಯಾರಿಗೆ ಸಾಲ ಕೊಡಬೇಕೆಂದು ತಾವೇ ತೀರ್ಮಾನಿಸುತ್ತಿದ್ದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು. 2000ದ ಹೊತ್ತಿಗೆ ನಮ್ಮ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಇವತ್ತು ಸ್ವಸಹಾಯ ಗುಂಪಿಲ್ಲದ ಊರನ್ನು ಹುಡುಕಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಹೊಳಹು ಯಾವ ಯೋಜನಾ ಪತ್ರದಲ್ಲೂ ಇರಲಿಲ್ಲ. ಕೈಗೆತ್ತಿಕೊಂಡ ಯೋಜನೆ ಸೋತಿತ್ತು. ಸೋತ ಮೇಲೂ ಕಾರ್ಯಕರ್ತರು ಅದೇ ಊರುಗಳಲ್ಲಿ ಇದ್ದರು, ಜನ ಹುಡುಕಿಕೊಂಡು ಬಂದಾಗ ಬಾಗಿಲು ತೆರೆದಿತ್ತು, ಕೂತು ಕೇಳುವಷ್ಟು ವ್ಯವಧಾನವಿತ್ತು. ಗುರಿ ಮುಟ್ಟದ ಯೋಜನೆಯನ್ನು ಮಾರ್ಚ್ 31ಕ್ಕೆ ಮುಚ್ಚಿ ಹೊರಟುಬಿಡುವ ಇಂದಿನ ಪದ್ಧತಿಯಲ್ಲಿ ಆ ಜನ ಬರುವ ಹೊತ್ತಿಗೆ ಕಚೇರಿಗೆ ಬೀಗ ಬಿದ್ದಿರುತ್ತಿತ್ತು.

ಮೈರಾಡದ ಇನ್ನೊಂದು ಕೆಲಸವನ್ನೂ ನೋಡೋಣ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. ಕಾಯ್ದೆ ಬಂದರೂ ಸವದತ್ತಿಯ ಸುತ್ತಮುತ್ತ, ಬೆಳಗಾವಿ, ವಿಜಯಪುರ ಸೀಮೆಗಳಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದು ಗುಟ್ಟಾಗಿ ನಡೆಯುತ್ತಲೇ ಇತ್ತು. ತೊಂಬತ್ತರ ದಶಕದ ಆರಂಭದಲ್ಲಿ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಕೂಡಿ ಬೆಳಗಾವಿ ಜಿಲ್ಲೆಯಲ್ಲಿ ಕೆಲಸ ಶುರು ಮಾಡಿದವು. ಹೊರಗಿನಿಂದ ಹೋದವರು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಜಡೆ ಬಂದಿದೆ ಎಂದರೆ ಯಲ್ಲಮ್ಮನ ಕರೆ ಬಂದಿದೆ ಎಂದು ನಂಬುವ ಮನೆಯಲ್ಲಿ, ಕೂದಲು ತೊಳೆಯದೆ ಗಂಟಾಗಿದೆಯಷ್ಟೇ ಎಂದು ಹೇಳುವ ಅಧಿಕಾರ ಯಾರಿಗಿದೆ? ಅದೇ ಬದುಕನ್ನು ಬಾಳಿದವಳಿಗೆ ಮಾತ್ರ ಇದೆ. ಕಾರ್ಯಕರ್ತೆಯರಾಗಿ ಮುಂದೆ ಬಂದವರು ಮಾಜಿ ದೇವದಾಸಿಯರೇ. ಮನೆಮನೆಗೆ ಹೋಗಿ ಕೂತರು, ಬೈಸಿಕೊಂಡರು, ಹುಣ್ಣಿಮೆಯ ಜಾತ್ರೆಗಳಲ್ಲಿ ಕಾವಲು ನಿಂತರು, ಮಕ್ಕಳನ್ನು ಶಾಲೆಗೆ ಸೇರಿಸಿದರು, ಸಂಘ ಕಟ್ಟಿ ಎಮ್ಮೆಗೋ ಅಂಗಡಿಗೋ ಸಾಲ ತೆಗೆದರು. 1997ರಲ್ಲಿ ಅವರೇ ತಮ್ಮ ಸಂಸ್ಥೆಯನ್ನು ಕಟ್ಟಿಕೊಂಡರು. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂದು ಅದರ ಹೆಸರು, ‘ಮಾಸ್’ ಎಂದು ಎಲ್ಲರೂ ಕರೆಯುತ್ತಾರೆ. ಮೈರಾಡ ಹಿಂದೆ ಸರಿಯಿತು. ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಆ ಸಂಸ್ಥೆಯನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಕೆಲಸ ಶುರುವಾದಂದಿನಿಂದ ಸಂಸ್ಥೆ ಅವರ ಕೈಗೆ ಬರುವವರೆಗಿನ ಆರೇಳು ವರ್ಷಗಳು. ಸಹಿ ಹಾಕಲು ಬಾರದ ಹೆಂಗಸು ಸಭೆಯಲ್ಲಿ ಎದ್ದು ನಿಂತು ಜಿಲ್ಲಾಧಿಕಾರಿಯ ಮುಂದೆ ಲೆಕ್ಕ ಒಪ್ಪಿಸುವ ಮಟ್ಟಕ್ಕೆ ಬರಲು ಅಷ್ಟು ಕಾಲ ಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಸೇವೆಯ ಜೊತೆಗೆ ಪ್ರಶ್ನೆ ಕೇಳುವ ಸಂಸ್ಥೆಗಳೂ ಆ ಕಾಲದಲ್ಲೇ ಹುಟ್ಟಿದವು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದೀರಿ. ಹಳ್ಳಿಗರ ಕಾವಲು ಭೂಮಿಯನ್ನು ಸರ್ಕಾರ ಕಾಗದದ ತಿರುಳಿಗಾಗಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ ಕೊಡಹೊರಟಿತ್ತು. ಸುಮಾರು 75,000 ಎಕರೆ ಭೂಮಿ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತರು, ಅದೇ ಗುಣಿಯಲ್ಲಿ ತಮಗೆ ಬೇಕಾದ ಹಣ್ಣಿನ ಗಿಡ, ಮೇವಿನ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಶಿವರಾಮ ಕಾರಂತರು ಆ ಹೋರಾಟದ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೊದಲಿಗರು. ಕೊನೆಗೆ ಕಂಪನಿಯನ್ನೇ ಮುಚ್ಚಬೇಕಾಯಿತು. ಇದೇ ಸಂಘಟನೆ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿದ್ದದ್ದು, 2013ರ ಏಪ್ರಿಲ್‌ನಲ್ಲಿ ತೀರ್ಪು ಬಂದದ್ದು ನಮ್ಮ ರಾಜ್ಯದ ರಾಜಕಾರಣದ ಚರಿತ್ರೆಯ ಭಾಗವೇ ಆಗಿದೆ. ಕಂಪನಿಗಳ ಕೊಡುಗೆಯಿಂದ ಇಂಥ ಕೆಲಸ ನಡೆಯಲು ಸಾಧ್ಯವೇ ಎಂದು ಯಾರಾದರೂ ಯೋಚಿಸಿ ನೋಡಬಹುದು.

ಹಾಗಾದರೆ ಆ ಕಾಲದಲ್ಲಿ ಹಣ ಎಲ್ಲಿಂದ ಬರುತ್ತಿತ್ತು? ಬಹುಪಾಲು ಹೊರದೇಶದಿಂದ. ನೆದರ್‌ಲೆಂಡ್ಸ್, ಜರ್ಮನಿ, ಕೆನಡಾ ಮೊದಲಾದ ದೇಶಗಳ ನೆರವು ಸಂಸ್ಥೆಗಳು ಐದು ವರ್ಷ, ಹತ್ತು ವರ್ಷಕ್ಕೆಂದು ಹಣ ಕೊಡುತ್ತಿದ್ದವು. ನಮ್ಮ ಜಾತಿಯ ದತ್ತಿಗಳು ತಲುಪದ ಕೇರಿಗಳನ್ನು, ಹಾಡಿಗಳನ್ನು ಆ ಹಣ ತಲುಪಿತು. ಇದನ್ನು ಒಪ್ಪಿಕೊಳ್ಳುವುದು ನಮ್ಮ ಸ್ವಾಭಿಮಾನಕ್ಕೆ ಸ್ವಲ್ಪ ಕಷ್ಟವಾದರೂ ಒಪ್ಪಿಕೊಳ್ಳಲೇಬೇಕು. ಅದೇ ಹಣ ಆ ಸಂಸ್ಥೆಗಳನ್ನು ದೂರದ ದೇಶವೊಂದರ ನೀತಿಗೆ ಕಟ್ಟಿಹಾಕಿತು ಎಂಬುದೂ ನಿಜ. ಅಲ್ಲಿ ಆದ್ಯತೆ ಬದಲಾದಾಗ ಇಲ್ಲಿ ಕೆಲಸ ನಿಂತಿತು.

ಈಗ ಆ ದಾರಿ ಬಹಳ ಕಿರಿದಾಗಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿ ಎರಡು ಕೆಲಸ ಮಾಡಿತು. ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಅದಕ್ಕಿಂತ ದೊಡ್ಡ ಪೆಟ್ಟು ಎರಡನೆಯದು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನೇ ನಿಷೇಧಿಸಿತು. ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳು ದೆಹಲಿಗೋ ಬರ್ಲಿನ್ನಿಗೋ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಹಣ ತರುವ ಸ್ಥಿತಿಯಲ್ಲಿ ಎಂದೂ ಇರಲಿಲ್ಲ. ಬೆಂಗಳೂರಿನ, ಧಾರವಾಡದ ದೊಡ್ಡ ಸಂಸ್ಥೆಗಳು ತಂದು ಅವರಿಗೆ ಹಂಚುತ್ತಿದ್ದವು. ಆ ಕಾಲುವೆ ಒಂದೇ ದಿನಕ್ಕೆ ಮುಚ್ಚಿತು.

ಇನ್ನೊಂದು ಕಡೆ ಹೊಸ ಹಣ ಬಂತು. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಾಯಿತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಇದನ್ನೇ ಸಿಎಸ್‌ಆರ್ ಎನ್ನುತ್ತಾರೆ. ನಮ್ಮದು ಐಟಿ ಕಂಪನಿಗಳ ರಾಜ್ಯ, ಹಣ ಚೆನ್ನಾಗಿಯೇ ಹರಿದುಬಂತು. ಎಷ್ಟೋ ಸರ್ಕಾರಿ ಶಾಲೆಗಳಿಗೆ ಶೌಚಾಲಯ, ಪ್ರಯೋಗಾಲಯ, ಆಸ್ಪತ್ರೆಗಳಿಗೆ ಯಂತ್ರ, ಕೆರೆಗಳಿಗೆ ಹೂಳೆತ್ತುವ ಕೆಲಸ ಆದದ್ದು ಇದರಿಂದಲೇ. ಅದನ್ನು ಕಡೆಗಣಿಸಲಾರೆ. ಆದರೆ ಕಂಪನಿ ತನ್ನ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕಂಪನಿ ಇರುವುದು ವೈಟ್‌ಫೀಲ್ಡಿನಲ್ಲಿ, ರಾಯಚೂರು ಜಿಲ್ಲೆಯ ದೇವದುರ್ಗದಲ್ಲಿ ಅಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. 2021ರ ಜನವರಿ 22ರಿಂದ ಈಚೆಗೆ, ಸಂಸ್ಥೆಯೊಂದರ ಮೂಲನಿಧಿಗೆ ಕಂಪನಿ ಕೊಟ್ಟ ಹಣ ಸಿಎಸ್‌ಆರ್ ಲೆಕ್ಕಕ್ಕೆ ಸೇರುವುದಿಲ್ಲ. ಕಟ್ಟಡಕ್ಕೆ ಕೊಡಬಹುದು, ಕಂಪ್ಯೂಟರಿಗೆ ಕೊಡಬಹುದು, ಯೋಜನೆಗೆ ಕೊಡಬಹುದು. ದತ್ತಿ ಇಡುವ ಹಾಗಿಲ್ಲ.

ಇದರ ಪರಿಣಾಮ ಊರಿನಲ್ಲಿ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ರಾಯಚೂರು ಜಿಲ್ಲೆಯ ಸಣ್ಣ ಸಂಸ್ಥೆಯೊಂದು ನನಗೆ ಗೊತ್ತು. ಬಾಡಿಗೆಯ ಎರಡು ಕೋಣೆ, ಒಂದು ಬೀರು, ಗೋಡೆಯ ಮೇಲೆ ಅಂಬೇಡ್ಕರ್ ಮತ್ತು ಸಾವಿತ್ರಿಬಾಯಿ ಫುಲೆ. ಆ ಭಾಗದಲ್ಲಿ ಮುಂಗಾರಿನ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗುತ್ತಾರೆ. ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ, ಕಟ್ಟಡದ ಕೆಲಸಕ್ಕೆ. ಮಕ್ಕಳನ್ನೂ ಕರೆದೊಯ್ಯುತ್ತಾರೆ, ಶಾಲೆ ತಪ್ಪುತ್ತದೆ. ಸಂಸ್ಥೆಯಲ್ಲಿ ಒಬ್ಬ ಕಾರ್ಯಕರ್ತೆ ಇದ್ದರು. ಯಾವ ಮನೆಯಲ್ಲಿ ಅಜ್ಜಿ ಇದ್ದಾಳೆ, ಯಾವ ಅಜ್ಜಿಗೆ ಅಡುಗೆ ಮಾಡುವಷ್ಟು ಶಕ್ತಿ ಇದೆ, ಯಾವ ತಂದೆ ಮೇಸ್ತ್ರಿಯ ಹತ್ತಿರ ಮುಂಗಡ ಹಣ ತೆಗೆದುಕೊಂಡಿದ್ದಾನೆ, ಎಲ್ಲ ಅವರ ಬಾಯಲ್ಲಿತ್ತು. ದೀಪಾವಳಿಗೆ ಮುಂಚೆಯೇ ಮನೆಮನೆಗೆ ಹೋಗಿ, ಈ ಮಗುವನ್ನು ಅಜ್ಜಿ ಹತ್ತಿರ ಬಿಡಿ, ಆ ಮಗುವನ್ನು ಋತುಮಾನದ ಹಾಸ್ಟೆಲಿಗೆ ಸೇರಿಸಿ ಎಂದು ಒಪ್ಪಿಸುತ್ತಿದ್ದರು. ಯೋಜನೆ ಮುಗಿಯಿತು. ಮುಂದಿನ ಕಂಪನಿಗೆ ಡಿಜಿಟಲ್ ಸಾಕ್ಷರತೆ ಬೇಕಿತ್ತು, ಟ್ಯಾಬ್ಲೆಟ್ ಕೊಟ್ಟರು. ತರಬೇತಿಯ ಫೋಟೋವನ್ನು ಸ್ಥಳದ ಗುರುತಿನ ಸಮೇತ ಕಳಿಸಬೇಕಿತ್ತು. ಕಾರ್ಯಕರ್ತೆಯ ಸಂಬಳಕ್ಕೆ ಆ ಬಜೆಟ್ಟಿನಲ್ಲಿ ಜಾಗವಿರಲಿಲ್ಲ. ಮನೆಮನೆಗೆ ಹೋಗುವುದು ಆಡಳಿತ ವೆಚ್ಚ ಎಂದು ಲೆಕ್ಕವಾಯಿತು. ಅವರು ಒಂದು ಕಿರುಸಾಲ ಕಂಪನಿಗೆ ವಸೂಲಿಯ ಕೆಲಸಕ್ಕೆ ಸೇರಿದರು. ಊರಿನ ಪ್ರತಿ ಮನೆಯೂ ಗೊತ್ತಿದ್ದವರು ಕಂಪನಿಗೆ ಬೇಕಾಗಿದ್ದರು, ಹೆಚ್ಚು ಸಂಬಳ ಕೊಟ್ಟಿತು.

ಈ ಘಟನೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರ ಬಗ್ಗೆ ನನಗೆ ಕಿಂಚಿತ್ತೂ ದೂರಿಲ್ಲ, ಮನೆ ನಡೆಯಬೇಕಲ್ಲ. ಸಂಕಟ ಇರುವುದು ಬೇರೆ ಕಡೆ. ಆ ಹೆಣ್ಣುಮಗಳು ಹಲವು ವರ್ಷ ಓಡಾಡಿ ಗಳಿಸಿದ ತಿಳಿವಳಿಕೆ ಒಂದು ತಾಲ್ಲೂಕಿನ ಸಂಪತ್ತು. ಅದಕ್ಕೆ ಸಮಾಜಸೇವೆಯ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಸಾಲದ ಕಂಪನಿಯ ಪುಸ್ತಕದಲ್ಲಿ ಇದೆ. ಕಿರುಸಾಲದ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಉಳಿತಾಯಕ್ಕೆಂದು ಸೇರಿದ್ದ ಗುಂಪುಗಳು ಸಾಲ ಹಂಚುವ ಗುಂಪುಗಳಾದದ್ದೂ, ಗುಂಪಿನ ಜೊತೆ ಕೂತು ಮಾತಾಡುವ ಕಾರ್ಯಕರ್ತರು ಇಲ್ಲವಾದದ್ದೂ ಒಂದೇ ಕಾಲದಲ್ಲಿ ನಡೆದವು.

ದತ್ತಿಯ ಮಾತೆತ್ತಿದರೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಅಸಲು ಸವೆಯುತ್ತದೆ ಎಂಬುದು. ಇದು ನಿಜ. ಎಂಬತ್ತರ ದಶಕದಲ್ಲಿ ಐದು ಸಾವಿರ ರೂಪಾಯಿ ದತ್ತಿ ಇಟ್ಟರೆ ನೂರಕ್ಕೆ ಹತ್ತರಂತೆ ಐನೂರು ರೂಪಾಯಿ ಬಡ್ಡಿ ಬರುತ್ತಿತ್ತು. ಅದರಲ್ಲಿ ಸಭಾಂಗಣ, ಆಹ್ವಾನ ಪತ್ರಿಕೆ, ಉಪನ್ಯಾಸಕರ ಬಸ್ಸಿನ ಖರ್ಚು ಎಲ್ಲ ಆಗುತ್ತಿತ್ತು. ಇಂದು ಅದೇ ಐದು ಸಾವಿರಕ್ಕೆ ಬರುವ ಬಡ್ಡಿಯಲ್ಲಿ ಒಂದು ಹಾರ ಬರುತ್ತದೆ. ನಮ್ಮ ಸಾಹಿತ್ಯ ಸಂಸ್ಥೆಗಳಲ್ಲಿ ಹಾಗೆ ಸೊರಗಿದ ದತ್ತಿಗಳು ಎಷ್ಟೋ ಇವೆ. ತಪ್ಪು ದತ್ತಿಯ ಪದ್ಧತಿಯಲ್ಲಿಲ್ಲ. ಬಂದ ಬಡ್ಡಿಯನ್ನೆಲ್ಲ ಪ್ರತಿವರ್ಷ ಖರ್ಚು ಮಾಡಿದ್ದರಲ್ಲಿದೆ. ಧರ್ಮಾರ್ಥ ಸಂಸ್ಥೆ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಕೆಲಸಕ್ಕೆ ಬಳಸಬೇಕು, ಉಳಿದ ಶೇ. 15ರಷ್ಟನ್ನು ಕೂಡಿಡಬಹುದು ಎಂದು ಆದಾಯ ತೆರಿಗೆ ಕಾನೂನು ಅವಕಾಶ ಕೊಟ್ಟಿದೆ. ಅಷ್ಟನ್ನು ತಪ್ಪದೆ ಅಸಲಿಗೆ ಸೇರಿಸುತ್ತ ಹೋದರೆ ದತ್ತಿ ಇಷ್ಟು ಬೇಗ ಸೊರಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಕೇಳುವವರಿಲ್ಲದ ಹಣ ಕೊಟ್ಟರೆ ಸಂಸ್ಥೆ ಕೆಡುವುದಿಲ್ಲವೆ? ಒಂದೇ ಮನೆಯವರು ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆಗಿರುವ ಟ್ರಸ್ಟುಗಳನ್ನು ನಾವು ಕಂಡಿಲ್ಲವೆ? ಕಂಡಿದ್ದೇವೆ. ಅದಕ್ಕೆ ನನ್ನ ಉತ್ತರ ಮಾಸ್ ಸಂಸ್ಥೆ. ಅಲ್ಲಿ ಲೆಕ್ಕ ಕೇಳುವವರು ಸದಸ್ಯೆಯರೇ. ಯಾವ ಊರಿಗೆ ಕೆಲಸ ಮಾಡುತ್ತದೋ ಆ ಊರಿನವರು ಸಂಸ್ಥೆಯ ಸರ್ವಸದಸ್ಯರ ಸಭೆಯಲ್ಲಿ ಕೂತಿದ್ದರೆ, ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿದರೆ, ಸ್ಥಳದ ಗುರುತಿನ ಫೋಟೋಗಿಂತ ಗಟ್ಟಿಯಾದ ತಪಾಸಣೆ ಅದು. ಇಂದು ಬಹುತೇಕ ಸಂಸ್ಥೆಗಳ ವಾರ್ಷಿಕ ವರದಿ ಅವು ಯಾರಿಗಾಗಿ ದುಡಿಯುತ್ತವೋ ಅವರಿಗೆ ಓದಲು ಬಾರದ ಭಾಷೆಯಲ್ಲಿ ಅಚ್ಚಾಗುತ್ತದೆ. ಹಣ ಕೊಡುವವರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದ ವರದಿಗಳು ಅವು.

ದೊಡ್ಡ ದತ್ತಿಯ ಶಕ್ತಿ ಏನೆಂದು ತೋರಿಸುವ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಅಜೀಂ ಪ್ರೇಮ್‌ಜಿಯವರು ವಿಪ್ರೋ ಕಂಪನಿಯಲ್ಲಿನ ತಮ್ಮ ಪಾಲಿನ ಆದಾಯವನ್ನು ಹಂತಹಂತವಾಗಿ ಪ್ರತಿಷ್ಠಾನಕ್ಕೆ ಬರೆದರು. 2019ರ ಮಾರ್ಚ್ ಹೊತ್ತಿಗೆ ಅದು ಕಂಪನಿಯ ಶೇ. 67ರಷ್ಟಾಗಿತ್ತು, ಅವರ ಒಟ್ಟು ದತ್ತಿಯ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ. ಆ ಪ್ರತಿಷ್ಠಾನ ಸುರಪುರದಲ್ಲಿ, ಯಾದಗಿರಿಯಲ್ಲಿ ಶಿಕ್ಷಕರ ಜೊತೆ ವರ್ಷಗಟ್ಟಲೆ ಕೂತು ಕೆಲಸ ಮಾಡಲು ಸಾಧ್ಯವಾದದ್ದು, ಸಣ್ಣ ಸಂಸ್ಥೆಗಳಿಗೆ ಹಲವು ವರ್ಷದ ಅನುದಾನ ಕೊಡಲು ಸಾಧ್ಯವಾದದ್ದು, ಅದರ ಬೆನ್ನಿಗೆ ಮೂಲಧನ ಇರುವುದರಿಂದ. ಆದರೆ ಒಬ್ಬರ ಔದಾರ್ಯದ ಮೇಲೆ ಇಡೀ ರಾಜ್ಯದ ಸ್ವಯಂಸೇವೆ ನಿಂತಿರಬಾರದು. ಅವರಿಗೂ ಅದು ಬೇಕಾಗಿರಲಾರದು.

ನನ್ನ ಸೂಚನೆ ಸಣ್ಣದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು, ಅದರಲ್ಲೂ 21 ಕಲಬುರಗಿ ವಿಭಾಗದವು. ಸರ್ಕಾರ ರಸ್ತೆ, ನೀರಾವರಿ, ಶಾಲಾ ಕಟ್ಟಡಗಳಿಗೆ ವಿಶೇಷ ಹಣ ಇಟ್ಟಿತು, ಮುಂದೆ ಕಲಬುರಗಿ ವಿಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಊರಿನಲ್ಲಿ ಉಳಿದು ಕೆಲಸ ಮಾಡುವ ಮನುಷ್ಯರಿಗಾಗಿ ಯಾರೂ ಏನನ್ನೂ ಇಡಲಿಲ್ಲ. ಅತ್ಯಂತ ಹಿಂದುಳಿದ ಈ 39 ತಾಲ್ಲೂಕುಗಳಲ್ಲಿ ಪ್ರತಿಯೊಂದರಲ್ಲೂ ಜನರೇ ಸದಸ್ಯರಾಗಿರುವ ಒಂದು ಸಂಸ್ಥೆಯನ್ನು ಆರಿಸಿ ಒಂದು ಕೋಟಿ ರೂಪಾಯಿ ದತ್ತಿ ಇಡಬೇಕು.

ಹಣ ಯಾರು ಕೊಡಬೇಕು? ಆ ತಾಲ್ಲೂಕುಗಳಲ್ಲಿ ಓದಿ ಹೊರಗೆ ಹೋದವರು ಕೊಡಬೇಕು. ಲಿಂಗಸುಗೂರಿನ, ಶಹಾಪುರದ, ಔರಾದಿನ ಸರ್ಕಾರಿ ಶಾಲೆಗಳಲ್ಲಿ ಕಲಿತು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇರುವವರು ಸಾವಿರಾರು ಜನ. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ, ಅದಕ್ಕೆ ಪರವಾನಗಿ ಇರುವ ಸಂಸ್ಥೆಯೇ ಬೇಕು. ಕನ್ನಡ ಕೂಟಗಳು ತಮ್ಮ ಸದಸ್ಯರಿಗೆ ಈ ವ್ಯತ್ಯಾಸವನ್ನು ತಿಳಿಸಿ ಹೇಳಿದರೆ ದೊಡ್ಡ ಉಪಕಾರ. ಕಂಪನಿಗಳ ಹಣದಲ್ಲಿ ಒಂದು ಪಾಲನ್ನಾದರೂ ಮೂಲನಿಧಿಗೆ ಕೊಡಲು ಅವಕಾಶವಾಗುವಂತೆ ನಿಯಮ ಬದಲಿಸಬೇಕೆಂದು ನಮ್ಮ ಸಂಸದರನ್ನು ಕೇಳಬೇಕು. ಕೇಳುವುದು ನಮ್ಮ ಹಕ್ಕು.

ಲೆಕ್ಕ ಹೀಗಿದೆ. ಒಂದು ಕೋಟಿಗೆ ನೂರಕ್ಕೆ ಏಳರಂತೆ ವರ್ಷಕ್ಕೆ ಏಳು ಲಕ್ಷ ಬಡ್ಡಿ. ಶೇ. 15ರಂತೆ 1,05,000 ರೂಪಾಯಿಯನ್ನು ಅಸಲಿಗೆ ಸೇರಿಸಿದರೆ 5,95,000 ಉಳಿಯುತ್ತದೆ. ತಿಂಗಳಿಗೆ 20,000 ರೂಪಾಯಿಯಂತೆ ಇಬ್ಬರು ಕಾರ್ಯಕರ್ತೆಯರ ಸಂಬಳ ವರ್ಷಕ್ಕೆ 4,80,000. ಉಳಿದ 1,15,000 ರೂಪಾಯಿಯಲ್ಲಿ ಕೋಣೆಯ ಬಾಡಿಗೆ, ಪೆಟ್ರೋಲು, ಲೆಕ್ಕ ತಪಾಸಣೆಯ ಶುಲ್ಕ. ಯೋಜನೆಗಳ ಹಣ ಬರಲಿ ಹೋಗಲಿ, ಆ ಇಬ್ಬರು ಅಲ್ಲೇ ಇರುತ್ತಾರೆ. ಎಲ್ಲ ತಾಲ್ಲೂಕುಗಳಿಗೂ ಸೇರಿ ಬೇಕಾಗುವುದು 39 ಕೋಟಿ. ಮೊದಲ ತಾಲ್ಲೂಕು ದೇವದುರ್ಗ ಆಗಲಿ ಎಂದು ನನ್ನ ಕೋರಿಕೆ. ನಂಜುಂಡಪ್ಪನವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಿಂದೆ ಇದ್ದದ್ದು ಅದೇ.